ಮಗುಚದ ಹಾಳೆ

ಫೋನು ಕೆಳಗಿಟ್ಟ ಮೇಲೆ ಪುಟನುಂಗರು ಕನಿಷ್ಠ ಒಂದು ಯುಗದಷ್ಟು ಹೊತ್ತು ಗೋಡೆಯನ್ನೇ ನೋಡುತ್ತ ಕುಳಿತರು. ನೋಡುತ್ತ ಎಂದದ್ದು ಮಾತಿಗೆ. ಅವರ ಎರಡು ಕಣ್ಣುಗಳ ನಟ್ಟನಡುವೆ ಒಂದೊಂದು ಮಸಿಬೊಟ್ಟು ಬಂದು ಕುಳಿತು ಎರಡು ವರ್ಷವಾಗಿತ್ತು. ಯಾವುದರ ಮೇಲೆ ಕಣ್ಣು ನೆಡುತ್ತಾರೋ ಅದೊಂದನ್ನು ಬಿಟ್ಟು ಲೋಕದ ಮಿಕ್ಕಿದ್ದೆಲ್ಲ ಅವರಿಗೆ ಕಾಣುತ್ತಿತ್ತು. ಗಡಿಯಾರ ನೋಡಿದರೆ ಅದರ ಸುತ್ತಲಿನ ಸುಣ್ಣ ಕಾಣುವುದು, ಬಾಗಿಲು ನೋಡಿದರೆ ಚೌಕಟ್ಟು, ಹೆಂಡತಿಯ ಮುಖ ನೋಡಿದರೆ ಅವಳ ಎರಡು ಕಿವಿ ಮತ್ತು ಬೆನ್ನಹಿಂದಿನ ಕಿಟಕಿ. ಅವಳನ್ನು ನೋಡಲೇಬೇಕೆಂದರೆ ಬೇರೆ ಕಡೆ ನೋಡಬೇಕು. ಆಗ ಓರೆಗಣ್ಣಿನ ಅಂಚಿಗೆ ಅವಳು ಒಂದಿಷ್ಟು ಸಿಗುತ್ತಿದ್ದಳು. ಹಾಗೆ ನೋಡಿದರೆ ಮದುವೆಯಾದ ದಿನದಿಂದಲೂ ಅವರು ಅವಳನ್ನು ನೋಡಿದ್ದು ಹೀಗೆಯೇ. ಕಾಯಿಲೆ ಆಮೇಲೆ ಬಂತು.

ಪುಟನುಂಗ ಎಂಬುದು ಪತ್ರಿಕೆಯ ಕಚೇರಿಯವರು ಇಟ್ಟ ಹೆಸರು. ಭಾನುವಾರದ ಪುರವಣಿಯಲ್ಲಿ ‘ಈಚೆಗೆ ಓದಿದ್ದು’ ಅಂಕಣ ಬರೆಯುತ್ತಿದ್ದ ಈ ಮನುಷ್ಯ ಓದಿದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಲ್ಲಿಗೆ ಏಣಿಯಾಗಿ, ಮಿಕ್ಕವುಗಳಲ್ಲಿ ಅಲ್ಲಿ ಕೂರಲು ಒಂದು ಬೆಂಚೂ ಆಗುತ್ತಿತ್ತು. ಅವರು ಸೀನಿದರೆ ಮೂರು ಓಣಿ ಆಚೆಗಿನ ಕವಿಗೆ ನೆಗಡಿ. ‘ಪರವಾಗಿಲ್ಲ’ ಎಂದು ಬರೆದರೆ ಲೇಖಕನ ಮನೆಯಲ್ಲಿ ಸಿಹಿ. ‘ಗಮನಿಸಬೇಕಾದ ಪ್ರಯತ್ನ’ ಎಂದು ಬರೆದರೆ ಅದೇ ಮನೆಯಲ್ಲಿ ಸೂತಕ. ಕಾದಂಬರಿಗೂ ಕೈ, ಗೆದ್ದಲಿನ ಶಾಸ್ತ್ರಕ್ಕೂ ಕೈ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಂತೂ ಅವರನ್ನು ಮೀರಿಸಿದವರು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಮಾಡುವುದಿಲ್ಲ. ಇಂಥವರ ಕಣ್ಣು ಹೋಗಿದೆ ಎಂಬುದು ಕಣ್ಣಿನ ಡಾಕ್ಟರಿಗೆ ಮತ್ತು ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವಂತೆಯೂ ಇರಲಿಲ್ಲ. ಕಣ್ಣಿಲ್ಲದವನಿಗೆ ಪುಸ್ತಕದ ಅಂಕಣ ಕೊಡುವುದೂ ಬೋಳುತಲೆಯವನಿಗೆ ಬಾಚಣಿಗೆಯ ಅಂಗಡಿ ಇಟ್ಟುಕೊಡುವುದೂ ಒಂದೇ ಎಂದು ಸಂಪಾದಕ ನಕ್ಕುಬಿಟ್ಟರೆ, ಭಾನುವಾರವೇ ಇಲ್ಲದ ವಾರ ಹೇಗಿರುತ್ತದೆಂದು ಅವರಿಗೆ ಊಹಿಸಲೂ ಆಗುತ್ತಿರಲಿಲ್ಲ. ಅಂಕಣ ಹೋದ ಮೇಲೆ ಅವರು ಯಾರು? ಓಣಿಯ ಕೊನೆಯ ಮನೆಯ, ಗೋಡೆ ಸವರಿಕೊಂಡು ನಡೆಯುವ ಒಬ್ಬ ಮುದುಕ.

ಹಾಗಾಗಿ ಹೆಂಡತಿ ಓದುತ್ತಿದ್ದಳು, ಅವರು ಕೇಳುತ್ತಿದ್ದರು. ಅವಳು ಕಿಟಕಿಯ ಬಳಿ ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು, ಅವರು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು. ಅವಳದು ಏರಿಳಿತವಿಲ್ಲದ ಓದು. ಕೊಲೆಯಾದರೂ ಒಂದೇ, ಮದುವೆಯಾದರೂ ಒಂದೇ. ಪುಟ ಮುಗಿದಾಗ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಮಗುಚುವಳು. ಸರಕ್. ಆಮೇಲೆ ಅವರು ಹೇಳಿದ್ದನ್ನು ಅವಳೇ ಬರೆಯುವಳು. “ನನ್ನ ಅಕ್ಷರ ಕಾಗೆ ಕಾಲು, ಅದಕ್ಕೇ ಮನೆಯವಳು ಶುದ್ಧಪ್ರತಿ ಮಾಡ್ತಾಳೆ” ಎಂದು ಅವರು ಸಂಪಾದಕನಿಗೆ ಹೇಳಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ಮಿಕ್ಕ ಬೆಕ್ಕುಗಳಿಗೂ ಇದಕ್ಕೂ ವ್ಯತ್ಯಾಸವೆಂದರೆ ಇದಕ್ಕೆ ಕಣ್ಣು ತೆರೆದರೂ ಹಾಲು ಕಾಣುತ್ತಿರಲಿಲ್ಲ.

ಫೋನು ಮಾಡಿದ್ದು ಒಬ್ಬ ಕಾದಂಬರಿಕಾರ್ತಿ. ರೈಲಿನ ಬೋಗಿ ತೊಳೆಯುವ ಹೆಂಗಸಿನ ಕಥೆ ಬರೆದವಳು; ಅವಳ ಮೊದಲ ಪುಸ್ತಕ. ಹಿಂದಿನ ಭಾನುವಾರ ಪುಟನುಂಗರು ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಿದ್ದರು.

“ಸರ್, ಕೋಪ ಮಾಡ್ಕೋಬಾರ್ದು. ನೀವು ಬರ್ದಿದ್ದು ಓದಿ ನಮ್ಮಮ್ಮ ಅತ್ತುಬಿಟ್ರು. ಆದ್ರೆ ಸರ್, ಅದರಲ್ಲಿ ಒಂದು ಭಾಗ ಎತ್ತಿ ಹಾಕಿದೀರಲ್ಲ, ಅವಳು ಆಸ್ಪತ್ರೆಯಿಂದ ಬರೋದು, ಗಂಡ ದೀಪ ತಿರುಗಿಸು ಅನ್ನೋದು... ಅದು ಯಾವ ಪುಟ ಸರ್?”

“ಯಾವ ಪುಟ ಅಂದ್ರೇನಮ್ಮ? ಬರೆದೋಳು ನೀನು.”

“ಅದೇ ಸರ್. ನನ್ನ ಪುಸ್ತಕದಲ್ಲಿ ಆ ಭಾಗ ಇಲ್ಲ. ನನ್ನ ನಾಯಕಿಗೆ ಗಂಡನೇ ಇಲ್ಲ ಸರ್.”

ಅವಳು ನಕ್ಕಳು. ನಗುವಿನಲ್ಲಿ ವಿಷವಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಜನ ಅಂಗಡಿಯಿಂದ ಪುಸ್ತಕ ತಂದು ಆ ಸಾಲನ್ನು ಹುಡುಕುತ್ತಿದ್ದಾರಂತೆ, ಅವಳನ್ನೇ ಕೇಳುತ್ತಿದ್ದಾರಂತೆ. ಮಧ್ಯಾಹ್ನ ಈ ಕಡೆ ಬರುವುದಿದೆ, ಒಂದು ಗಳಿಗೆ ಬಂದು ಹೋಗಲೇ ಎಂದಳು. ಬೇಡ ಎನ್ನಲು ಅವರಿಗೆ ಕಾರಣ ಸಿಗಲಿಲ್ಲ. ಸಾವಿರ ಪುಸ್ತಕಗಳನ್ನು ಒಂದು ವಾಕ್ಯದಲ್ಲಿ ಆಚೆಗೆ ಹಾಕಿದ ಮನುಷ್ಯ “ಬಾಮ್ಮ, ಬಾ” ಎಂದರು.

ಆ ಭಾಗ ಅವರಿಗೆ ಬಾಯಿಪಾಠ. *ಅವಳು ಇಬ್ಬರಾಗಿ ಹೋದಳು, ಒಬ್ಬಳಾಗಿ ಬಂದಳು. ಬಾಗಿಲು ತೆರೆದೇ ಇತ್ತು. ಗಂಡ ಓದುತ್ತಿದ್ದ. ತಲೆ ಎತ್ತದೆ, ‘ಬಂದ್ಯಾ? ಆ ದೀಪ ಸ್ವಲ್ಪ ಈ ಕಡೆ ತಿರುಗಿಸು’ ಅಂದ. ಅವಳು ತಿರುಗಿಸಿದಳು.* ಇಷ್ಟೇ. ಕೇಳಿದಾಗ ಅವರು ಕುರ್ಚಿಯಿಂದ ಎದ್ದೇಬಿಟ್ಟಿದ್ದರು. “ಇನ್ನೊಂದ್ಸಲ ಓದು” ಅಂದಿದ್ದರು. ಅವಳು ಇನ್ನೊಂದು ಸಲ ಹೇಳಿದ್ದಳು, ಒಂದಕ್ಷರ ಆಚೀಚೆ ಆಗದ ಹಾಗೆ. ಈ ಗಂಡ ಎಲ್ಲಿಂದ ಬಂದ ಎಂದು ಅವರಿಗೆ ಅನ್ನಿಸದೆ ಇರಲಿಲ್ಲ. ಆದರೆ ಈ ಕಾಲದ ಕಾದಂಬರಿಗಳಲ್ಲಿ ಗಂಡ ಎಲ್ಲಿಂದ ಬೇಕಾದರೂ ಬರುತ್ತಾನೆ, ಹೇಳದೆ ಹೋಗುತ್ತಾನೆ. ಅದನ್ನು ಕೇಳುವವನೇ ಹಳೆಯ ಕಾಲದವನು. ‘ಇಡೀ ಕೃತಿಯಲ್ಲಿ ಒಂದೇ ಸಲ ಬಂದು ಮರೆಯಾಗುವ ಆ ಗಂಡ ಲೇಖಕಿಯ ಕಲಾಸಂಯಮಕ್ಕೆ ಸಾಕ್ಷಿ’ ಎಂದು ಹೇಳಿ ಬರೆಸಿದರು. ಆಮೇಲೆ ಆವೇಶ ಬಂದು, ‘ಇಂಥ ಕಲ್ಲುಮನುಷ್ಯನನ್ನು ಕಲ್ಪಿಸಿಕೊಳ್ಳಲು ಎಂಥ ಎದೆಗಾರಿಕೆ ಬೇಕು!’ ಎಂದೂ ಹೇಳಿದರು. ಅಲ್ಲಿ ಪೆನ್ನು ನಿಂತಿತ್ತು. ಈಗ ನೆನಪಾಗುತ್ತಿದೆ.

“ಕಲ್ಲು ಅಂತಲೇ ಬರೀಲಾ?” ಎಂದು ಅವಳು ಕೇಳಿದ್ದಳು.

“ಬರಿ, ಬರಿ. ಕಲ್ಲಿಗೂ ಅವಮಾನ ಅಂತ ಸೇರಿಸು.”

ಅವಳು ಸೇರಿಸಿದ್ದಳು.

ಪುಟನುಂಗರು ಎದ್ದು ಕಿಟಕಿಯವರೆಗೆ ಹೋದರು. ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದ. ಅದು ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ನಲ್ಲಿಯ ಸದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವರು ಅನುಮಾನ ಬಂದ ಮೇಲೆ ಮೊದಲು ಹುಡುಕಿದ್ದು ಪುಸ್ತಕವನ್ನಲ್ಲ, ಮೇಜಿನ ಮೇಲಿದ್ದ ದೀಪವನ್ನು. ಬಳುಕುವ ಕತ್ತಿನ, ಹಸಿರು ಟೊಪ್ಪಿಯ ತಗಡಿನ ದೀಪ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದು. ಮುಟ್ಟಿದರು, ತಣ್ಣಗಿತ್ತು. ಮೂವತ್ತು ವರ್ಷಕ್ಕೂ ಹಿಂದಿನ ಆ ಸಂಜೆ ಅದು ಬಿಸಿಯಾಗಿತ್ತು. ಆ ಸಂಜೆ ಅವರು ಓದುತ್ತಿದ್ದ ಪುಸ್ತಕ ಚೆನ್ನಾಗಿ ನೆನಪಿದೆ: ಮುಳುಗಿಹೋದ ಹಡಗೊಂದರ ಇತಿಹಾಸ, ನೀಲಿ ರಟ್ಟು, ಬೆನ್ನು ಬಿಚ್ಚಿಕೊಂಡಿತ್ತು. ಕೊನೆಯ ದೋಣಿಯಲ್ಲಿ ಜಾಗವಿಲ್ಲದೆ ನಾವಿಕರು ತಮ್ಮತಮ್ಮಲ್ಲೇ ಚೀಟಿ ಎತ್ತುತ್ತಿದ್ದರು. ಅಂಗಿಯ ಗುಂಡಿ ಕಿತ್ತು ಹೆಂಡತಿಗೆ ಕೊಡಿ ಎಂದು ದೋಣಿಯವರ ಕೈಗೆ ಹಾಕಿದ ಒಬ್ಬ ಅಡುಗೆಯವನಿದ್ದ. ಅವನಿಗಾಗಿ ಅವರು ಅತ್ತಿದ್ದರು, ನಿಜವಾಗಿ, ಕನ್ನಡಕ ತೆಗೆದು. ಆ ಪುಟದ ಮೂಲೆ ಮಡಿಚಿದ್ದೂ ನೆನಪಿದೆ. ಬಾಗಿಲಲ್ಲಿ ಯಾರು ಬಂದರೆಂಬುದು ನೆನಪಿಲ್ಲ. ಒಂದು ಚೀಲ ನೆಲಕ್ಕೆ ತಾಗಿದ ಸದ್ದು, ಪುಟದ ಮೇಲೆ ನೆರಳು, ನೆರಳು ಸರಿದು ಬೆಳಕು ಸರಿಯಾಗಿ ಬಿದ್ದದ್ದು. ಅವಳಿಗೆ ಆಗ ಐದು ತಿಂಗಳು ತುಂಬಿತ್ತು. ಆಸ್ಪತ್ರೆಯಿಂದ ಹೇಳಿಕಳಿಸಿದ್ದರು, ಅವರು ಬರುತ್ತೇನೆ ಎಂದಿದ್ದರು. ಅಧ್ಯಾಯ ಮುಗಿಸಿ ಹೊರಡೋಣ ಎಂದುಕೊಂಡಿದ್ದರು.

ಮರುದಿನ ಅವಳು ಎಂದಿನಂತೆ ಎದ್ದಿದ್ದಳು, ಒಗೆದ ಬಟ್ಟೆ ಹರವಿದ್ದಳು. ಅದರ ಮಾತು ಮತ್ತೆ ಎಂದೂ ಬರಲಿಲ್ಲ. ‘ಧೈರ್ಯವಂತೆ’ ಎಂದು ಅವರು ಎಲ್ಲರ ಮುಂದೆ ಹೊಗಳಿದ್ದರು. ಹೊಗಳುವುದರಲ್ಲಿ ಅವರದು ಮೊದಲಿನಿಂದಲೂ ಧಾರಾಳ ಕೈ.

ಹಾಗಾದರೆ ಮಿಕ್ಕವು? ಈ ಪ್ರಶ್ನೆ ಬಂದದ್ದೇ ತಡ, ಎರಡು ವರ್ಷದ ಭಾನುವಾರಗಳೆಲ್ಲ ಒಂದರ ಮೇಲೊಂದು ಕುಸಿದವು. ಗೆದ್ದಲುಗಳ ಮೇಲೆ ಒಬ್ಬ ವಿಜ್ಞಾನಿ ಬರೆದ ಪುಸ್ತಕದಲ್ಲಿ, ಗೂಡು ಸೇರುವ ಮೊದಲು ರಾಣಿಯ ರೆಕ್ಕೆ ಉದುರುವುದರ ವಿವರ ಬಂದು, ‘ಎಲ್ಲಿ ಉದುರಿದವೆಂದು ಯಾರೂ ಹುಡುಕಲಿಲ್ಲ, ಮೊಟ್ಟೆ ಲೆಕ್ಕ ಹಾಕುವುದರಲ್ಲಿದ್ದರು’ ಎಂದಿತ್ತು. ವಿಜ್ಞಾನಿಯೊಳಗೊಬ್ಬ ಕವಿ ಎಂದು ಅವರು ಬರೆದಿದ್ದರು. ಬೀಗಗಳ ಚರಿತ್ರೆಯಲ್ಲಿ, ಊರಿಗೆಲ್ಲ ಬೀಗ ಮಾಡಿಕೊಡುವವನ ಮನೆಗೆ ಬೀಗವಿರಲಿಲ್ಲ, ‘ಹೆಂಡತಿ ಎಲ್ಲಿಗೂ ಹೋಗುವವಳಲ್ಲವಲ್ಲ’ ಎಂದಿತ್ತು. ಹಾಸ್ಯಪ್ರಜ್ಞೆ ಎಂದು ಬರೆದಿದ್ದರು. ಅವರು ಕೊಂಡಾಡಿದ್ದೆಲ್ಲ, ಅಡಿಗೆರೆ ಹಾಕಿಸಿದ್ದೆಲ್ಲ, ಬೇರೆ ಬೇರೆ ಲೇಖಕರಲ್ಲಿ ಅವರು ಪತ್ತೆಹಚ್ಚಿ ಬೀಗಿದ ಆ ಒಂದು ಒಣ ದನಿ ಒಂದೇ ಬಾಯಿಯದು. ಮೂರು ಹೊತ್ತು ಅವರಿಗೆ ಬಡಿಸುವ ಬಾಯಿಯದು ಎಂದು ಯೋಚಿಸಿ, ವಾಕ್ಯ ತಪ್ಪಾಯಿತು ಎಂದು ತಿದ್ದಿಕೊಂಡರು, ಬಾಯಿ ಬಡಿಸುವುದಿಲ್ಲ. ಇಂಥ ಹೊತ್ತಿನಲ್ಲೂ ವಾಕ್ಯ ತಿದ್ದುತ್ತಿದ್ದರು.

ಮತ್ತೆ ಆ ಹಾಳೆ. ಆ ಭಾಗ ಓದುವಾಗ ಎಷ್ಟೋ ಹೊತ್ತು ಹಾಳೆ ಮಗುಚಿರಲಿಲ್ಲ. ಗೆದ್ದಲಿಗೂ ಮಗುಚಿರಲಿಲ್ಲ, ಬೀಗಕ್ಕೂ ಮಗುಚಿರಲಿಲ್ಲ. ಇರುವೆ ಸತ್ತರೆ ಅದರ ಮನೆಯವರು ಅಳುವುದೂ ತನಗೆ ಕೇಳಿಸುತ್ತದೆ ಎಂದು ಜಂಬ ಕೊಚ್ಚುತ್ತಿದ್ದ ಕಿವಿಗಳಿಗೆ, ಇಷ್ಟು ದೊಡ್ಡ ಸದ್ದು ಆಗದೆ ಇದ್ದದ್ದು ಕೇಳಿಸಿರಲಿಲ್ಲ.

“ಏನೇ,” ಎಂದು ಕೂಗಿದರು. “ಆ ರೈಲಿನ ಪುಸ್ತಕ ತಗೊಂಬಾ.”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವರು ಕಿಟಕಿಯ ಕಡೆ ಮುಖ ಮಾಡಿದರು, ಅವಳನ್ನು ನೋಡುವುದಕ್ಕೆ. ಓರೆ ಅಂಚಿನಲ್ಲಿ ಒಂದು ಬೂದು ಸೀರೆ, ಅದರ ಮೇಲೊಂದು ಬೂದು ಕೂದಲು.

“ಅವಳು ಆಸ್ಪತ್ರೆಯಿಂದ ಬರೋದು ಓದು.”

“ಯಾರು ಬರೋದು?”

“ಬೋಗಿ ತೊಳೆಯೋಳು.”

ಹಾಳೆಗಳು ಸರಿದವು. ಅವಳು ಅದೇ ದನಿಯಲ್ಲಿ ಓದಿದಳು: ಬೆರಳಿಗೆ ತಗಡು ತಾಗಿ ಹೊಲಿಗೆ ಹಾಕಿಸಿಕೊಂಡು ಬೋಗಿ ತೊಳೆಯುವವಳು ಆಸ್ಪತ್ರೆಯಿಂದ ಬಂದಳು, ಬಾಗಿಲು ತೆಗೆದಳು, ಬಕೆಟ್ಟು ಮೂಲೆಗೆ ತಳ್ಳಿದಳು, ಮಲಗಿದಳು. ಸರಕ್.

“ಇಷ್ಟೇನಾ?”

“ಇಷ್ಟೇ.”

“ದೀಪದ ಮಾತು?”

ಸ್ಕೂಟರು ಕೊನೆಗೂ ಹತ್ತಿಕೊಂಡು, ಬೀದಿ ತುಂಬ ಗುಡುಗಿ, ದೂರ ಹೋಯಿತು. ಅದು ಪೂರ್ತಿ ಹೋಗುವವರೆಗೆ ಅವಳು ಕಾದಳು.

“ಅದು ಇದರಲ್ಲಿಲ್ಲ,” ಎಂದಳು.

“ಮತ್ತೆ ಎಲ್ಲಿದೆ?”

“ಒಲೆ ಮೇಲೆ ಹಾಲಿಟ್ಟಿದೀನಿ ರೀ, ಉಕ್ಕುತ್ತೆ,” ಎಂದು ಹೋದಳು.

ಹಿಂದೆಯೇ ಹೋಗಬೇಕಿತ್ತು. ಹೋಗಿ ಏನು ಹೇಳುವುದು? ಎಂಥೆಂಥ ಪುಸ್ತಕಗಳಿಗೆ ಏನೇನೆಲ್ಲ ಹೇಳಿದವರಿಗೆ ನಾಲ್ಕು ಹೆಜ್ಜೆ ದೂರದ ಅಡುಗೆಮನೆಗೆ ಒಯ್ಯಲು ಒಂದು ವಾಕ್ಯ ಸಿಗಲಿಲ್ಲ. ಕ್ಷಮಿಸು ಎನ್ನುವುದು ಕೆಟ್ಟ ಕಾದಂಬರಿಗಳ ಕೊನೆ. ತಾವೇ ಎಷ್ಟು ಸಲ ಗೇಲಿ ಮಾಡಿಲ್ಲ. ಊಟಕ್ಕೆ ಕುಳಿತಾಗ ಹೇಳೋಣ ಎಂದುಕೊಂಡರು. ಊಟಕ್ಕೆ ಕುಳಿತಾಗ ಉಪ್ಪು ಕಡಿಮೆ ಎಂದರು. ಅವಳು ಉಪ್ಪನ್ನು ಅವರ ಬೆರಳಿಗೆ ಸಿಗುವ ಹಾಗೆ ಇಟ್ಟಳು.

ಕಾದಂಬರಿಕಾರ್ತಿ ಬಂದಾಗ ಬಿಸಿಲು ಇನ್ನೂ ನೆಲದ ಮೇಲಿತ್ತು. ಚಪ್ಪಲಿ ಕಳಚಿದ ಸದ್ದು, ಸಾಬೂನಿನ ವಾಸನೆ, ಕಿವಿಯಲ್ಲಿ ಏನೋ ಹೊಳೆಯುವುದು. ಮುಖದ ಜಾಗದಲ್ಲಿ ಮಸಿ. ಮಸಿ ಬಹಳ ಸಂಭ್ರಮದಲ್ಲಿತ್ತು. ಗೋಡೆಯ ತುಂಬ ಇದ್ದ ಪುಸ್ತಕಗಳನ್ನು ನೋಡಿ “ಅಯ್ಯಪ್ಪಾ! ಇಷ್ಟೂ ಓದಿದೀರಾ ಸರ್?” ಎಂದಿತು.

“ಇವು ಈ ವರ್ಷದವು,” ಎಂದರು ಪುಟನುಂಗರು. ಸುಳ್ಳು ಹೇಳುವಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅವಳು ಚೀಲದಿಂದ ತನ್ನ ಪುಸ್ತಕ ತೆಗೆದು ಅವರ ತೊಡೆಯ ಮೇಲಿಟ್ಟಳು. “ಸರ್, ಎಲ್ಲಿದೆ ತೋರ್ಸಿಬಿಡಿ. ನಂಗೇ ತಲೆ ಕೆಟ್ಟಿದೆ ಅಂತ ಅನ್ಸೋಕೆ ಶುರುವಾಗಿದೆ.”

ಅವರು ಪುಸ್ತಕ ಬಿಚ್ಚಿದರು. ಬಿಳಿ ಅಂಚು, ಬಿಳಿ ಅಂಚು, ನಡುವೆ ಮಸಿಯ ಕೊಳ. ಅದು ತಲೆಕೆಳಗಾಗಿದೆಯೋ ನೆಟ್ಟಗಿದೆಯೋ ತಿಳಿಯಲಿಲ್ಲ. ಬೆರಳು ಹಾಳೆಗಳ ಮೇಲೆ ಸುಮ್ಮನೆ ಓಡಾಡಿತು. ಹುಡುಗಿಯ ಉಸಿರು ಒಂದು ಕ್ಷಣ ನಿಂತಿತು. ಈಗ ಗೊತ್ತಾಯಿತು, ಎಂದುಕೊಂಡರು. ಇನ್ನೇನು ಕೇಳುತ್ತಾಳೆ, ಸಂಜೆಗೆ ಸಂಪಾದಕನಿಗೆ ಗೊತ್ತು, ನಾಳೆ ಊರಿಗೆ.

“ಅವರ ಕನ್ನಡಕ ನನ್ನ ಹತ್ರ ಇದೆಯಮ್ಮ,” ಎಂದಿತು ಬಾಗಿಲಿನಿಂದ ಹೆಂಡತಿಯ ದನಿ. “ತೊಳೆದಿಡೋಣ ಅಂತ ತಗೊಂಡೋಳು ಅಲ್ಲೇ ಮರೆತೆ. ಅದಿಲ್ಲದೆ ಅವರಿಗೆ ಆನೆ ಬಂದ್ರೂ ಕಾಣಲ್ಲ.” ಚಹಾದ ಲೋಟಗಳನ್ನು ಇಡುತ್ತ, ಯಾರಿಗೂ ಅನುಮಾನ ಬಾರದ ಹಾಗೆ, ಪುಸ್ತಕವನ್ನು ಅವರ ಕೈಯಿಂದ ತೆಗೆದು ಮೇಜಿನ ಮೇಲಿಟ್ಟಳು.

ಹುಡುಗಿ ಉಸಿರು ಬಿಟ್ಟು ನಕ್ಕಳು. “ನೀವೂ ಓದ್ತೀರಾಮ್ಮ?”

“ನಾನಾ? ಇವರು ಓದ್ತಾರೆ, ನಾನು ಕೇಳ್ತೀನಿ.”

ಎಷ್ಟು ಸಲೀಸಾಗಿ ಹೇಳಿದಳು! ಈಗ, ಈಗಲೇ ಹೇಳಬೇಕು ಎಂದುಕೊಂಡರು ಪುಟನುಂಗರು. ಅಮ್ಮಾ ತಾಯಿ, ಆ ಸಾಲು ಇವಳದು. ಓದುವವಳು ಇವಳು, ನಾನು ಕುರುಡ. ಆ ಗಂಡನೂ ನಾನೇ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಒಮ್ಮೆ ತಲೆ ಎತ್ತಿದ್ದರೆ ಸಾಕಿತ್ತು, ಅಂದೂ ಅಷ್ಟೇ ಸಾಕಿತ್ತು.

“ಸರ್, ಒಂದು ಕೇಳ್ಲಾ?” ಹುಡುಗಿಯ ದನಿ ತಗ್ಗಿತು. “ಆ ಸಾಲು ನನ್ನದಲ್ಲ ಅಂತ ಗೊತ್ತಾದಾಗ ನಂಗೆ ಹೊಟ್ಟೆಕಿಚ್ಚಾಯ್ತು. ನನ್ನ ಪುಸ್ತಕದಲ್ಲಿ ಅಷ್ಟು ಒಳ್ಳೆಯದು ಒಂದೂ ಇಲ್ಲ. ಅದನ್ನ... ನೀವೇ ಬರೆದ್ರಾ ಸರ್?”

ಚಹಾದ ಹಬೆ ಮೂಗಿಗೆ ಬಡಿಯಿತು. ಹೆಂಡತಿ ಇನ್ನೂ ಹೋಗಿರಲಿಲ್ಲ. ಗೋಡೆಯ ಬಳಿ ಬೂದು ಸೀರೆಯ ಅಂಚು ಅಲುಗದೆ ನಿಂತಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟು ಬದುಕಿದ ನಾಲಿಗೆ ತನಗೆ ಬಂದದ್ದನ್ನೇ ಮಾಡಿತು.

“ನೋಡಮ್ಮ, ಒಳ್ಳೆ ಓದುಗ ಅಂದ್ರೆ ಬರೀ ಓದೋನಲ್ಲ. ಲೇಖಕ ಬರೀದೆ ಬಿಟ್ಟಿದ್ದೂ ಅವನಿಗೆ ಕಾಣುತ್ತೆ. ನಿನ್ನ ನಾಯಕಿಯ ಒಳಗೆ ಅಂಥದೊಂದು ಸಂಜೆ ಇತ್ತು. ನಂಗೆ ಕಾಣ್ತು. ಹಾಕ್ದೆ.”

“ಅಂದ್ರೆ ಕಲ್ಪನೆ!”

“ಕಲ್ಪನೆಯೇ.”

“ಎರಡನೇ ಮುದ್ರಣಕ್ಕೆ ಸೇರಿಸ್ಕೊಳ್ಲಾ ಸರ್? ನಿಮ್ಮ ಹೆಸರು ಹಾಕಿ ಕೃತಜ್ಞತೆ ಹೇಳ್ತೀನಿ.”

“ಹೆಸರೆಲ್ಲ ಯಾಕಮ್ಮ,” ಎಂದರು ಪುಟನುಂಗರು, ಹೆಸರು ಬೇಕು ಎನ್ನುವಾಗಿನ ದನಿಯಲ್ಲಿ. “ತಗೋ, ನಿನ್ನದೇ ಅಂದ್ಕೋ.”

ಹೀಗೆ ಒಂದು ಮನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟದೆ ಇಟ್ಟಿದ್ದನ್ನು, ಮನೆಯ ಯಜಮಾನರು ಒಂದು ಲೋಟ ಚಹಾ ಮುಗಿಯುವುದರೊಳಗೆ ದಾನ ಮಾಡಿದರು. ಹುಡುಗಿ ಅವರ ಕಾಲಿಗೆ ಬೀಳಲು ಬಗ್ಗಿದಳು. ಅವರು “ಇರಲಿ, ಇರಲಿ” ಎಂದು ಕಾಲು ಚಾಚಿದರು. ಹೋಗುವಾಗ ಅವಳು ಹೆಂಡತಿಗೆ ಹೇಳಿದ್ದು ಕೇಳಿಸಿತು: “ಹೆಂಗಸರ ಸಂಕಟ ಇವರಿಗೆ ಎಷ್ಟು ಗೊತ್ತಲ್ವಾಮ್ಮ! ನೀವು ಪುಣ್ಯವಂತರು.” ಹೆಂಡತಿ ಏನು ಹೇಳಿದಳೋ ತಿಳಿಯಲಿಲ್ಲ, ಬಾಗಿಲ ಅಗುಳಿ ಬಿತ್ತು. ಲೋಟಗಳನ್ನು ಒಂದರೊಳಗೊಂದು ಇಟ್ಟ ಸದ್ದು. ನಲ್ಲಿ. ತೊಳೆಯಲು ಎರಡು ಲೋಟ ಇದ್ದವು. ನಲ್ಲಿ ಮಾತ್ರ ಒಂದು ಮದುವೆಮನೆಯ ಪಾತ್ರೆಗಳಿಗೆ ಸಾಲುವಷ್ಟು ಹೊತ್ತು ಸುರಿಯಿತು.

ಸಂಜೆ ಅವಳು ಎಂದಿನ ಹೊತ್ತಿಗೆ ಎಂದಿನ ಜಾಗದಲ್ಲಿ ಬಂದು ಕುಳಿತಳು. ಹೊಸ ಪುಸ್ತಕ, ಕಡಲಿನ ತಳದ ಜೀವಿಗಳ ಮೇಲೆ ಒಬ್ಬ ಮುಳುಗುಗಾರ ಬರೆದದ್ದು. ಹೊರಗೆ ಬೆಳಕು ಇಳಿಯುತ್ತಿತ್ತು. ಅವಳು ಎದ್ದು ಮೇಜಿನ ದೀಪ ಹಚ್ಚಿ, ಅದರ ಕತ್ತನ್ನು ತನ್ನ ಕಡೆಗೆ ಬಗ್ಗಿಸಿಕೊಂಡಳು. ತಗಡು ಕಿರುಗುಟ್ಟಿತು. ಅವರ ಕಣ್ಣಿನ ಅಂಚಿನಲ್ಲಿದ್ದ ಬೆಳಕು ಸರಿದುಹೋಯಿತು.

“ದೀಪ...” ಎಂದರು, ಯಾಕೆಂದು ತಿಳಿಯದೆ.

“ಓದೋಳು ನಾನಲ್ವಾ,” ಎಂದಳು.

ಓದಿದಳು. ಕಡಲಿನ ತೀರ ಆಳದಲ್ಲಿ ಬಿಸಿಲು ಹೋಗುವುದಿಲ್ಲ. ಅಲ್ಲಿನ ಕೆಲವು ಮೀನುಗಳಿಗೆ ಕಣ್ಣಿದ್ದ ಜಾಗದಲ್ಲಿ ಬರೀ ಚರ್ಮವಿರುತ್ತದೆ. ಇನ್ನೊಂದು ಜಾತಿಯಲ್ಲಿ ಹೆಣ್ಣು ಮೀನು ಗಂಡಿಗಿಂತ ಎಷ್ಟೋ ಪಟ್ಟು ದೊಡ್ಡದು. ಗಂಡು ಬಂದು ಅದರ ಹೊಟ್ಟೆಗೆ ಕಚ್ಚಿಕೊಳ್ಳುತ್ತದೆ, ಅದರ ರಕ್ತದಲ್ಲೇ ಬದುಕುತ್ತದೆ, ಮತ್ತೆಂದೂ ಬಿಡುವುದಿಲ್ಲ. ಪುಟನುಂಗರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಇಲ್ಲಿ, ಎಂದುಕೊಂಡರು. ಇಲ್ಲಿ ಏನಾದರೂ ಅನ್ನುತ್ತಾಳೆ. ಅನ್ನಲಿ. ಏನು ಬೇಕಾದರೂ ಅನ್ನಲಿ.

ಸರಕ್.

ಮುಂದಿನ ಪುಟದಲ್ಲಿ ನೀರಿನ ಒತ್ತಡದ ವಿಷಯವಿತ್ತು.

“ಇರು,” ಎಂದರು. “ಆ ಮೀನಿನ ಹತ್ರ... ಇನ್ನೇನಾದ್ರೂ ಇತ್ತಾ?”

“ಇಲ್ಲ.”

“ಸರಿಯಾಗಿ ನೋಡು. ಬಿಟ್ಟುಹೋಗಿರಬೋದು.”

“ಬಿಟ್ಟಿಲ್ಲ ರೀ. ಇದ್ದದ್ದು ಇದ್ದ ಹಾಗೇ ಓದಿದೀನಿ.”

“ನಿಂಗೇನಾದ್ರೂ... ನಿಲ್ಲಿಸ್ಬೇಕು ಅನ್ಸಿದ್ರೆ ನಿಲ್ಲಿಸು. ನಾನು ಕೇಳ್ತೀನಿ.”

“ಯಾಕೆ? ನೀರು ಬೇಕಾ?”

“ಬೇಡ.”

ಅವಳು ಓದಿದಳು. ಅವರು ಬೇರೆ ಕಡೆ ನೋಡಿದರು, ಅವಳನ್ನು ನೋಡುವುದಕ್ಕೆ. ಬೇರೆ ಕಡೆ ಕತ್ತಲಾಗಿತ್ತು. ದನಿ ಏರಲಿಲ್ಲ, ಇಳಿಯಲಿಲ್ಲ. ಒಂದೊಂದು ಪುಟದ ಕೊನೆ ಹತ್ತಿರವಾದಾಗಲೂ ಅವರು ಕುರ್ಚಿಯ ತೋಳನ್ನು ಹಿಡಿದುಕೊಂಡು, ಈ ಸಲ ಹೆಬ್ಬೆರಳು ತಡೆಯಲಿ, ನಾಲಿಗೆಯವರೆಗೆ ಹೋಗದೆ ಇರಲಿ, ಆ ಹಾಳೆಯ ಮೇಲೆ ಅವಳು ನಿಲ್ಲಲಿ ಎಂದು ಕಾದರು. ಒಂದು ವಾಕ್ಯ ಸಾಕಿತ್ತು. ಬೈಗುಳವಾದರೂ ಆಗುತ್ತಿತ್ತು.

ಸರಕ್, ಎಂದಿತು ಹಾಳೆ, ಮುಗಿಯಬೇಕಾದ ಕಡೆ ಮುಗಿದು. ಸರಕ್.